ನೀಲಿ ಚಾಕಿನ ಗೆರೆ ಮತ್ತು ನನ್ನ ಕೈ

ಮೊದಲು ಊದಿದ್ದು ಎಡಗಣ್ಣಿನ ರೆಪ್ಪೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಎದ್ದಾಗ ಆ ಕಣ್ಣು ತೆರೆಯಲಿಲ್ಲ. ಹುಳ ಕಚ್ಚಿರಬೇಕು ಎಂದುಕೊಂಡು ತಣ್ಣೀರು ಹಾಕಿದೆ. ಮುಖ ಒರೆಸುವಾಗ ಬೆರಳ ಸಂದುಗಳು ತುರಿಸಿದವು. ನೋಡಿದರೆ ಅಲ್ಲಿ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು, ನೆನೆಹಾಕಿದ ಸಾಬಕ್ಕಿಯ ಹಾಗೆ. ಮಧ್ಯಾಹ್ನಕ್ಕೆ ಬಲಗಣ್ಣೂ ಮುಚ್ಚಿತು.

ಮಾನ್ವಿ, ಲಿಖಿತ್, ಇದು ನಿಮಗಾಗಿ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಎದುರು ಕೂತು ಹೇಳು ಎಂದರೆ ನನಗೆ ಬಾಯಿ ಬರುವುದಿಲ್ಲ, ಅದು ನಿಮಗೆ ಗೊತ್ತು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದೇ ಧೈರ್ಯ. ಕೈಗೆ ಹತ್ತಿಯ ಗ್ಲೌಸ್ ಹಾಕಿಕೊಂಡಿದ್ದೇನೆ, ಆದ್ದರಿಂದ ಅಕ್ಷರ ಸ್ವಲ್ಪ ಸೊಟ್ಟ. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.

ನಿಮ್ಮ ಅಜ್ಜನ ತಂಗಿ ಸುಂದರಿ ಪಕ್ಕದ ಮನೆಯವಳು. ನನ್ನನ್ನು ಕಂಡದ್ದೇ ಅಂಗಳದಲ್ಲಿ ನಿಂತುಬಿಟ್ಟಳು.

"ಅಯ್ಯೋ ಅತ್ತಿಗೆ, ಎಂತ ಇದು! ಕಪ್ಪೆಯ ಹಾಗೆ ಆಗಿದ್ದೀರಲ್ಲ!"

"ಹುಳ ಕಚ್ಚಿರಬೇಕು."

"ಹುಳವೂ ಅಲ್ಲ ಎಂತದ್ದೂ ಅಲ್ಲ. ಇದು ಚೇರೆ. ಒಲೆಗೆ ಕಟ್ಟಿಗೆ ಎಲ್ಲಿಂದ ತಂದಿರಿ?"

ಚೇರೆ ನಮ್ಮ ಕಡೆಯ ಕಾಡಂಚಿನ ಮರ. ಅದರ ಸೊನೆ ತಾಗಿದರೆ ಮೈ ಊದುತ್ತದೆ. ಕೆಲವರಿಗೆ ಅದರ ಅಡಿಯಲ್ಲಿ ನಡೆದರೂ ಸಾಕು. ಅದಕ್ಕೆ ಹಿರಿಯರು ಹೇಳಿದ ಮದ್ದು ತಾರೆ ಮರ. ತಾರೆಗೆ ಮೂರು ಸುತ್ತು ಬಂದು, ಚೇರೆ ಕೊಟ್ಟದ್ದನ್ನು ನೀನು ತೆಗೆದುಕೋ ಎಂದು ಹೇಳಿ, ತಿರುಗಿ ನೋಡದೆ ಮನೆಗೆ ಬರಬೇಕು. ಸುಂದರಿ ನನ್ನ ಮೊಣಕೈ ಹಿಡಿದು ಗುಡ್ಡೆಯ ಬದಿಗೆ ನಡೆಸಿಕೊಂಡು ಹೋದಳು. ಕಣ್ಣು ಕಾಣದೆ ಎರಡು ಕಡೆ ಎಡವಿದೆ.

"ಗಟ್ಟಿ ಹೇಳಿ ಅತ್ತಿಗೆ. ನಿಮ್ಮ ಆ ಸ್ವರ ಮರಕ್ಕೆ ಕೇಳುವುದಿಲ್ಲ."

ನಾನು ಹೇಳಿದೆ. ಆದರೆ ಆ ವಾರ ನಾನು ಒಲೆಗೆ ಹಾಕಿದ್ದು ತೆಂಗಿನ ಮಡಲು, ಸಿಪ್ಪೆ ಮಾತ್ರ. ಯಾವ ಕಾಡುಕಟ್ಟಿಗೆಯೂ ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಮರಕ್ಕೇ ಸುಳ್ಳು ಹೇಳಿದೆ.

ಯಾಕೆ ಹೇಳಿದೆ ಎಂದು ತಿಳಿಯಬೇಕಾದರೆ ನೀವು ಸ್ವಲ್ಪ ಹಿಂದೆ ಬರಬೇಕು.

ನಿಮ್ಮ ಅಜ್ಜನ ಟೈಲರ್ ಅಂಗಡಿ ಮಡಂತ್ಯಾರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ಮಾಳಿಗೆಯಲ್ಲಿತ್ತು. ಮುಂದೆ ಅವರ ಮೆಷಿನ್, ಮಧ್ಯೆ ಒಂದು ಪರದೆ, ಪರದೆಯ ಹಿಂದೆ ನಾನು. ಕಾಜಾ ಹೊಲಿಯುವುದು, ಗುಂಡಿ ಹಾಕುವುದು, ಹೆಮ್ಮಿಂಗ್ ಮಾಡುವುದು ನನ್ನ ಕೆಲಸ. ಬೆಳ್ತಂಗಡಿ ಬಸ್ಸಿನ ಕಂಡಕ್ಟರನ ಸೀಟಿ, ಕೆಳಗಿನ ಹೋಟೆಲಿನಿಂದ ಬನ್ಸ್ ಕರಿಯುವ ಪರಿಮಳ, ಪರದೆಯ ಆಚೆ ಅಜ್ಜನ ನಗು. ಮೂವತ್ತು ವರ್ಷ ಹಾಗೆ ಹೋಯಿತು. ಗಿರಾಕಿಗಳ ಮುಖವನ್ನು ನಾನು ಹೆಚ್ಚು ನೋಡಿದವಳಲ್ಲ. ಸಂತೆಯಲ್ಲಿ ಯಾರಾದರೂ ಎದುರು ಬಂದರೆ ಮೊದಲು ಅಂಗಿ ಗುರುತಾಗುತ್ತಿತ್ತು, ಆಮೇಲೆ ಮನುಷ್ಯ.

ಅಜ್ಜನಿಗೆ ಒಂದು ಕ್ರಮ ಇತ್ತು. ಯಾವ ಬಟ್ಟೆ ಕತ್ತರಿಸಿದರೂ ಅಂಗೈಯಗಲದ ಒಂದು ತುಂಡು ತೆಗೆದಿಡುವುದು. "ನಾಳೆ ಮುಳ್ಳಿಗೆ ಸಿಕ್ಕಿ ಹರಿದುಕೊಂಡು ಬರ್ತಾರೆ. ತೇಪೆಗೆ ಅದೇ ಬಣ್ಣ ಎಲ್ಲಿಂದ ತರುವುದು?" ಎನ್ನುತ್ತಿದ್ದರು. ಹಾಗೆ ತೆಗೆದಿಟ್ಟ ತುಂಡುಗಳು ಮೂರು ಗೋಣಿ ತುಂಬಿದ್ದವು. ಶಾಲೆಯ ಮಕ್ಕಳ ನೀಲಿ ಚಡ್ಡಿ. ಇಗರ್ಜಿಯ ಮಕ್ಕಳು ಮೊದಲ ಪ್ರಸಾದ ತೆಗೆದುಕೊಳ್ಳುವ ದಿನದ ಬಿಳಿ ಸಾಟಿನ್. ನಾರಾವಿಯ ಜೈನರ ಮನೆಯ ಮದುಮಗಳ ಹಸಿರು ರೇಷ್ಮೆ ರವಿಕೆ. ದುಬಾಯಿಯಿಂದ ರಜೆಗೆ ಬಂದ ಒಬ್ಬ ಬ್ಯಾರಿ ಒಂದೇ ಥಾನು ಬಟ್ಟೆ ತಂದು ತನ್ನ ಅಣ್ಣತಮ್ಮಂದಿರಿಗೆಲ್ಲ ಅಂಗಿ ಹೊಲಿಸಿದ್ದ. ಈದ್ ಪೆರ್ನಾಲಿನ ದಿನ ಏಳು ಜನ ಒಂದೇ ಹೂವಿನ ಅಂಗಿಯಲ್ಲಿ ರಸ್ತೆ ದಾಟುವುದನ್ನು ಪರದೆಯ ಸಂದಿನಿಂದ ನೋಡಿ ನಾನು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದೆ. ಆ ಹೂವಿನ ಬಟ್ಟೆಯ ತುಂಡು ಈಗಲೂ ಉಂಟು. ಎಲ್ಲಿ ಉಂಟು ಎಂದು ಹೇಳುತ್ತೇನೆ.

ಲಿಖಿತ್, ಮೂರು ವರ್ಷದ ಹಿಂದೆ, ನೀನು ಆರನೆಯ ತರಗತಿಗೆ ಹೋಗುವ ಬೇಸಗೆಯಲ್ಲಿ, ಅಜ್ಜ ನಿನ್ನ ಯೂನಿಫಾರ್ಮಿಗೆ ಅಳತೆ ತೆಗೆದರು. ಕಂಕುಳಿಗೆ ಟೇಪು ಬಂದಾಗ ನೀನು ಕಚಗುಳಿಯಾಗಿ ಕುಣಿದೆ. "ನೆಟ್ಟಗೆ ನಿಲ್ಲು ಮಾರಾಯ, ಇಲ್ಲದಿದ್ದರೆ ಒಂದು ತೋಳು ನಿನಗೆ, ಇನ್ನೊಂದು ಮಂಗನಿಗೆ" ಎಂದರು. ಅಂಗಡಿ ಬಿಟ್ಟ ಮೇಲೆ ಕಟಿಂಗ್ ಟೇಬಲನ್ನು ಮನೆಯ ಜಗಲಿಗೆ ತಂದಿದ್ದೆವಲ್ಲ, ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಲ್ಲಿ ಗೆರೆ ಹಾಕಿದರು. ಕಾಲರಿನ ಬಾಗು, ಹೆಗಲು, ಎದೆಯ ಕಿಸೆ. "ಕತ್ತರಿ ಮೊಂಡಾಗಿದೆ. ನಾಳೆ ಸಾಣೆ ಹಿಡಿಸಿ ಕತ್ತರಿಸುವ" ಎಂದರು.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಎದೆ ಹಿಡಿದುಕೊಂಡರು. ಬೆಳ್ತಂಗಡಿಯ ಆಸ್ಪತ್ರೆ ಮುಟ್ಟುವಾಗ ಇರಲಿಲ್ಲ.

ನಿನಗೆ ಪೇಟೆಯಲ್ಲಿ ರೆಡಿಮೇಡ್ ತೆಗೆದುಕೊಟ್ಟರು. ಆ ಬಟ್ಟೆಯನ್ನು ನಾನು ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ತಿಂಗಳಿಗೊಮ್ಮೆ ತೆರೆದು ನೋಡುತ್ತಿದ್ದೆ. ಚಾಕ್ ಎಂದರೆ ಹುಡಿಯಲ್ಲವಾ? ತೆರೆದ ಪ್ರತಿ ಸಲ ಮಡಿಕೆಯಲ್ಲಿ ಸ್ವಲ್ಪ ನೀಲಿ ಹುಡಿ. ಕಿಸೆಯ ಗೆರೆ ಅರ್ಧ ಹೋಗಿತ್ತು. ನೋಡಿದರೆ ಕಡಿಮೆಯಾಗುತ್ತದೆ, ನೋಡದಿದ್ದರೆ ಇದ್ದೂ ಇಲ್ಲದ ಹಾಗೆ.

ಹಾಗಿರುವಾಗ ಕಳೆದ ದಸರಾ ರಜೆಯಲ್ಲಿ ಮಾನ್ವಿ ಬಂದಳು. ಕೈಯಲ್ಲಿ ಒಂದು ಕೀಲಿಗೊಂಚಲು. ಗಾಜಿನ ಹಾಗಿರುವ ಬಿಲ್ಲೆ, ಅದರೊಳಗೆ ಒಂದು ಕೇಪಳ ಹೂ.

"ಇದು ಬಾಡುವುದಿಲ್ಲವಾ?"

"ಇಲ್ಲ ಅಜ್ಜಿ. ರೆಸಿನ್. ಎರಡು ಬಾಟ್ಲಿ ಬರ್ತದೆ, ಕಲಸಿ ಹೊಯ್ಯುವುದು, ಒಂದು ದಿನದಲ್ಲಿ ಕಲ್ಲಾಗ್ತದೆ."

ಅವಳು ಹೂವಿನ ಬಗ್ಗೆ ಹೇಳುತ್ತಿದ್ದಳು. ನನಗೆ ಚಾಕಿನ ನೆನಪಾಯಿತು.

ಮಾನ್ವಿ, ನೀನು ಉಳಿದ ಬಾಟ್ಲಿಗಳನ್ನು ಬಿಟ್ಟು ಹೋದೆ. ಆಮೇಲೆ ನಾನು ಕೇಳಿದಾಗಲೆಲ್ಲ ಅಮ್ಮನಿಗೆ ಹೇಳದೆ ತರಿಸಿಕೊಟ್ಟೆ. ಅಜ್ಜಿಗೆ ಹೊತ್ತು ಹೋಗಲಿ ಎಂದು ಮಾಡಿದೆ, ನನಗೆ ಗೊತ್ತು. ಆದರೆ ನನ್ನ ಲೆಕ್ಕ ಬೇರೆ ಇತ್ತು. ಒಂದೇ ಸಲಕ್ಕೆ ಅಜ್ಜನ ಬಟ್ಟೆಗೆ ಹೊಯ್ಯುವ ಧೈರ್ಯ ಇರಲಿಲ್ಲ. ಮೊದಲು ಕೈ ಪಳಗಬೇಕು.

ಒಂದು ಪ್ಲೈವುಡ್ ಹಲಗೆಗೆ ಕೆಮ್ಮಣ್ಣನ್ನು ಜಾಲಿಸಿ ಅಂಟಿನಲ್ಲಿ ಕಲಸಿ ಬಳಿದೆ. ಅದರ ಮೇಲೆ ಗೋಣಿಯ ತುಂಡು ಬಟ್ಟೆ, ಬಿಡಿಸಿದ ನೂಲು, ಒಡೆದ ಗುಂಡಿ. ಮೇಲೆ ರೆಸಿನ್. ಒಣಗಿದ ಮೇಲೆ ಮತ್ತೆ ಬಣ್ಣ, ಮತ್ತೆ ಬಟ್ಟೆ, ಮತ್ತೆ ರೆಸಿನ್. ಮೊದಲ ಸಲ ಎರಡೂ ಬಾಟ್ಲಿಯಿಂದ ಸಮ ಸಮ ತೆಗೆದೆ. ವಾರವಾದರೂ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು. ಒಂದಕ್ಕೆ ಎರಡು ಎಂದು ನೀನು ಹೇಳಿದ್ದನ್ನು ನಾನು ಸರಿ ಕೇಳಿಸಿಕೊಂಡಿರಲಿಲ್ಲ. ಬಿಳಿ ಚಾಕಿನ ಗೆರೆ ರೆಸಿನ್ ಬಿದ್ದೊಡನೆ ಮಾಯವಾಗುತ್ತದೆ, ನೀಲಿಯದ್ದು ಉಳಿಯುತ್ತದೆ ಎಂದು ಬೇರೆ ತುಂಡುಗಳಲ್ಲಿ ಪರೀಕ್ಷೆ ಮಾಡಿ ತಿಳಿದೆ. ತೆಳು ಬಿಳಿ ಬಟ್ಟೆ ಒದ್ದೆಯಾದ ಹಾಗೆ ಆಗಿ ಕೆಳಗಿನ ಬಣ್ಣವನ್ನೆಲ್ಲ ತೋರಿಸುತ್ತದೆ. ಗುಳ್ಳೆ ಎದ್ದರೆ ಸೂಜಿಯಲ್ಲಿ ಚುಚ್ಚಬೇಕು. ಇಷ್ಟು ವಿದ್ಯೆ ಕಲಿಯಲು ಐದು ತಿಂಗಳು ಹಿಡಿಯಿತು.

ಆ ಹಲಗೆಯಲ್ಲಿ ಮನೆ, ಮರ, ಮನುಷ್ಯ ಎಂಥದ್ದೂ ಇಲ್ಲ. ಬರೀ ಪದರ. ಎಲ್ಲಕ್ಕಿಂತ ಅಡಿಯಲ್ಲಿ ನಾವು ಅಂಗಡಿ ಹಾಕಿದ ವರ್ಷದ ಟೆರಿಕಾಟ್, ಮೂರನೆಯದರಲ್ಲಿ ಆ ಏಳು ಜನರ ಹೂವಿನ ಬಟ್ಟೆ, ಅದರ ಮೇಲೆ ನಾರಾವಿಯ ಹಸಿರು. ಒಂದರೊಳಗಿಂದ ಇನ್ನೊಂದು, ಕೆರೆಯ ತಳದ ಹಾಗೆ ಕಾಣುತ್ತದೆ. ನೀನು ಫೋಟೋ ನೋಡಿ "ಅಜ್ಜಿ, ಇದು ಅಬ್‌ಸ್ಟ್ರ್ಯಾಕ್ಟ್!" ಎಂದೆ. ಯಾರಾದರೂ ಬಂದರೆ ನಾನು ಚಾಪೆ ಮುಚ್ಚುತ್ತಿದ್ದೆ. ಗಂಡ ಇಲ್ಲದವಳು ಬಣ್ಣದಲ್ಲಿ ಆಡುತ್ತಾಳೆ ಎಂಬ ಮಾತು ಬೇಡವಿತ್ತು. ಒಮ್ಮೆ ಮಾತ್ರ ಸುಂದರಿಯ ಕಣ್ಣಿಗೆ ಬಿತ್ತು.

"ಇದು ಎಂತ ಅತ್ತಿಗೆ? ಕೋಳಿ ಕೆದಕಿದ ಕಸದ ಹಾಗೆ ಉಂಟು."

"ಎಂತ ಇಲ್ಲ" ಎಂದೆ.

ಈಗ ನನ್ನ ತಪ್ಪು ಹೇಳುತ್ತೇನೆ. ಗ್ಲೌಸ್ ಹಾಕಬೇಕು ಎಂದು ಮಾನ್ವಿ ಮೂರು ಸಲ ಹೇಳಿದ್ದಳು. ಗ್ಲೌಸಿನಲ್ಲಿ ನೂಲಿನ ಎಳೆ ಕೈಗೆ ಸಿಗುವುದಿಲ್ಲ. ಅಂಟು ಎಂದರೆ ನನಗೆ ಗೊತ್ತಿದ್ದದ್ದು ಹಲಸಿನ ಮೇಣ. ಹಲಸು ಕೊಯ್ಯುವ ಮೊದಲು ಏನು ಮಾಡುತ್ತೇವೋ ಅದನ್ನೇ ಮಾಡಿದೆ: ಎರಡು ಕೈಗೂ ಮೊಣಕೈಯವರೆಗೆ ತೆಂಗಿನೆಣ್ಣೆ ಹಚ್ಚಿಕೊಂಡು ಬರಿಗೈಯಲ್ಲಿ ರೆಸಿನ್ ಸವರಿದೆ. ಮತ್ತೆ ಎಣ್ಣೆಯಲ್ಲೇ ಉಜ್ಜಿ ತೆಗೆದೆ. ಮೇಣ ಹೋಗುತ್ತದೆ. ಇದು ಮೇಣವಲ್ಲ.

ಐದು ಪದರ ಮುಗಿದು, ಆರನೆಯದಕ್ಕೆ ಅಜ್ಜನ ಬಟ್ಟೆ ಹಾಕುವುದು ಎಂದು ಇರುವಾಗ ಕಣ್ಣು ಊದಿತು.

ತಾರೆ ಮರದಿಂದ ಗುಣವಾಗಲಿಲ್ಲ. ಮಡಂತ್ಯಾರಿನ ಕ್ಲಿನಿಕ್ಕಿನಲ್ಲಿ ಮಾತ್ರೆ, ಮುಲಾಮು ಕೊಟ್ಟರು. ಒಂದು ವಾರದಲ್ಲಿ ಇಳಿಯಿತು. ಇಳಿದದ್ದೇ ನಾನು ಹಲಗೆಯ ಬಳಿ ಹೋದೆ. ಐದನೆಯ ಪದರದಲ್ಲಿ ಒಂದು ಕಡೆ ತಗ್ಗಿತ್ತು, ಅದಕ್ಕೆ ಸ್ವಲ್ಪ ಹೊಯ್ದೆ.

ಮೂರನೆಯ ದಿನ ಎರಡು ಕೈಯ ಚರ್ಮವೂ ಒಡೆಯಿತು.

ಸಂಶಯ ಬರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ಬಂದಿತ್ತು. ಬಾಯಿ ಬಿಟ್ಟರೆ ಬಾಟ್ಲಿ ಕಿತ್ತುಕೊಳ್ಳುತ್ತಾರೆ, ಮಾನ್ವಿಗೆ ಬೈಗುಳ ಬೀಳುತ್ತದೆ, ಗೆರೆ ಪೆಟ್ಟಿಗೆಯಲ್ಲೇ ಉದುರಿ ಹೋಗುತ್ತದೆ. ಇನ್ನು ಒಂದೇ ಸಲ ಹೊಯ್ಯಲಿಕ್ಕಿರುವುದು. ಅಷ್ಟು ಮಾಡಿ ಬಿಟ್ಟುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಚೌಕಾಸಿ ಮಾಡುತ್ತಿದ್ದೆ. ಬೆರಳುಗಳಿಂದ ನೀರು ಸೋರುತ್ತಿತ್ತು. ಉಪ್ಪು ಮುಟ್ಟಲಾರೆ. ಹುಣಸೆ ಕಿವುಚಲಾರೆ. ತಲೆ ಬಾಚಲು ಸುಂದರಿ ಬರಬೇಕು. ರವಿಕೆಯ ಹುಕ್ಕು ಹಾಕಲಾರೆ. ಊರಿಗೆಲ್ಲ ಹುಕ್ಕು ಹೊಲಿದುಕೊಟ್ಟ ಕೈ. ಸೂಜಿ ಹಿಡಿಯಲು ಹೋದರೆ ಅದು ಎಲ್ಲಿದೆ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ.

ಪಡಿತರ ಅಂಗಡಿಗೆ ಹೋದೆ. ಹೆಬ್ಬೆರಳು ಒತ್ತಿದೆ. ಮತ್ತೆ ಒತ್ತಿದೆ. ಹತ್ತು ಬೆರಳೂ ಆಯಿತು.

"ಅಕ್ಕ, ಮೆಷಿನ್ ನಿಮ್ಮನ್ನು ತೆಗೆದುಕೊಳ್ಳುವುದಿಲ್ಲ. ಬೆರಳಿನಲ್ಲಿ ಗೆರೆಯೇ ಇಲ್ಲ ನೋಡಿ."

ನನ್ನ ಗೆರೆಗಳೂ ಹೋಗಿದ್ದವು.

ಸುಂದರಿ ಆ ದಿನವೇ ಉಷಾಳಿಗೆ, ನಿಮ್ಮ ಅಮ್ಮನಿಗೆ, ಫೋನ್ ಮಾಡಿದಳು. ಉಷಾ ಬಂದು ಕೈ ನೋಡಿದಳು. ನನ್ನ ಎರಡು ಸೀರೆ ಚೀಲಕ್ಕೆ ಹಾಕಿ ಮೂಡುಬಿದಿರೆಯ ನಿಮ್ಮ ಮನೆಗೆ ಕರೆದುಕೊಂಡು ಹೋದಳು. ಅಲ್ಲಿಯ ಸ್ಕಿನ್ ಡಾಕ್ಟರ್ ಚಿಕ್ಕ ಪ್ರಾಯದ ಹೆಂಗಸು. ನನ್ನ ಕೈಯನ್ನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಡಿಸಿದರು.

"ನೀವು ಎಂತ ಕೆಲಸ ಮಾಡ್ತೀರಿ ಅಮ್ಮ?"

"ಎಂತ ಇಲ್ಲ. ಮನೆಯಲ್ಲೇ."

"ಹೊಸ ಸಾಬೂನು? ಗಿಡಕ್ಕೆ ಮದ್ದು? ಸಿಮೆಂಟು, ಪೈಂಟು ಎಂತದಾದರೂ?"

"ಇಲ್ಲ."

"ಅಮ್ಮ ಎಂತದ್ದೂ ಮಾಡುವುದಿಲ್ಲ ಡಾಕ್ಟ್ರೇ" ಎಂದು ಉಷಾಳೂ ಹೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ಡಾಕ್ಟರ್ ಬರೆಯುತ್ತಾ ಇದ್ದವರು ರೆಪ್ಪೆ ನೋಡಲು ನನ್ನ ಕನ್ನಡಕ ತೆಗೆದರು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಕನ್ನಡಕದ ಕಡ್ಡಿ ಮಡಚುವಲ್ಲಿ ಒಂದು ಹನಿ ಗಟ್ಟಿಯಾಗಿ ಕೂತಿತ್ತು. ಗಾಜಿನ ಮಣಿಯ ಹಾಗೆ. ಅದರೊಳಗೆ ಒಂದು ಹಸಿರು ನೂಲು.

"ಇದು ಎಂತ?"

ನಾನು ಕೈ ನೋಡಿಕೊಂಡು ಕೂತೆ. ಇಷ್ಟು ವರ್ಷ ನನಗೆ ಮಾತಾಡದೆ ಇದ್ದು ಅಭ್ಯಾಸ. ಪರದೆಯ ಹಿಂದೆ ಕೂತರೆ ಮುಂದಿನ ಮಾತನ್ನು ಅಜ್ಜ ಆಡುತ್ತಿದ್ದರು. ಆ ಡಾಕ್ಟರ ಎದುರು ನನ್ನ ಬದಲು ಹೇಳುವವರು ಯಾರೂ ಇರಲಿಲ್ಲ.

"ರೆಸಿನ್" ಎಂದೆ. "ನಾನು ಚಿತ್ರ ಮಾಡ್ತೇನೆ."

ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಡಾಕ್ಟರ್ ಬೈಯಲಿಲ್ಲ. ಪೆನ್ನು ಕೆಳಗಿಟ್ಟರು. ಹೇಗೆ ಕಲಸುತ್ತೀರಿ, ಎಷ್ಟು ದಿನಕ್ಕೊಮ್ಮೆ, ಯಾವ ಕೈಯಿಂದ ಎಂದು ಕೇಳಿದರು. ತೆಂಗಿನೆಣ್ಣೆಯ ವಿಷಯ ಹೇಳಿದಾಗ ಮಾತ್ರ ಹಣೆಗೆ ಕೈ ಇಟ್ಟುಕೊಂಡರು. "ಹಲಸಿನ ಹಣ್ಣಾ ಅಮ್ಮ ಇದು?" ಎಂದು ನಕ್ಕರು. ನನಗೂ ನಗು ಬಂತು. ನಕ್ಕರೆ ರೆಪ್ಪೆ ನೋಯುತ್ತಿತ್ತು. ಉಷಾ ನಗಲಿಲ್ಲ.

ಕೈ ಸ್ವಲ್ಪ ಆರಿದ ಮೇಲೆ ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿದರು. ಬೆನ್ನಿಗೆ ಸಾಲಾಗಿ ಸಣ್ಣ ಸಣ್ಣ ಚೌಕ ಅಂಟಿಸುತ್ತಾರೆ, ಒಂದೊಂದರಲ್ಲಿ ಒಂದೊಂದು ಪದಾರ್ಥ. ಎರಡು ದಿನ ಬೆನ್ನಿಗೆ ನೀರು ತಾಗಿಸಬಾರದು. ಸೆಕೆ, ಬೆವರು. ತುರಿಸಿದರೂ ಮುಟ್ಟುವ ಹಾಗಿಲ್ಲ. ಮಗ್ಗುಲಾಗಿ ಮಲಗಿದರೆ, ಯಾರೋ ನನ್ನ ಬೆನ್ನಿಗೆ ತುಂಡು ಬಟ್ಟೆಗಳನ್ನು ಹೊಲಿದ ಹಾಗೆ ಅನ್ನಿಸುತ್ತಿತ್ತು. ತೆಗೆದು ನೋಡಿದಾಗ ಬೇರೆಲ್ಲ ಚೌಕ ಸುಮ್ಮನಿದ್ದವು. ಒಂದು ಮಾತ್ರ ಕೆಂಪಗೆ ಉಬ್ಬಿ ಗುಳ್ಳೆ ಎದ್ದಿತ್ತು. ಮತ್ತೆರಡು ದಿನ ಬಿಟ್ಟು ನೋಡಿದಾಗ ಅದು ಇನ್ನೂ ಹೆಚ್ಚಾಗಿತ್ತು.

ಕಾಂಟ್ಯಾಕ್ಟ್ ಡರ್ಮಟೈಟಿಸ್. ಎಪಾಕ್ಸಿ ರೆಸಿನ್.

"ನಿಮ್ಮ ಮೈ ಅದರ ಗುರುತು ಹಿಡಿದುಬಿಟ್ಟಿದೆ ಅಮ್ಮ" ಎಂದರು ಮೂಡುಬಿದಿರೆಯ ಡಾಕ್ಟರ್, ವರದಿ ನೋಡಿ. "ಇನ್ನು ಮರೆಯುವುದಿಲ್ಲ. ಹತ್ತು ವರ್ಷ ಬಿಟ್ಟು ಒಂದು ಹನಿ ತಾಗಿದರೂ ಗೊತ್ತಾಗ್ತದೆ. ಹಸಿ ರೆಸಿನ್ ಇರುವ ಕೋಣೆಗೂ ನೀವು ಹೋಗಬಾರದು."

"ಒಂದು ಸಲ? ಗ್ಲೌಸ್ ಹಾಕಿ?"

"ಒಂದು ಸಲವೂ ಇಲ್ಲ."

ಮನೆಗೆ ಬಂದ ಮೇಲೆ ಉಷಾ ನಿನ್ನನ್ನು ಕರೆದಳು ಮಾನ್ವಿ, ನಿನಗೆ ನೆನಪಿರಬಹುದು. "ಅಜ್ಜಿಯ ಕೈ ನೋಡಿದ್ದೀಯಾ ನೀನು? ಕಾಲೇಜಿಗೆ ಹೋಗಿ ಕಲಿತದ್ದು ಇದಾ?" ಎಂದಳು. ನೀನು ಅತ್ತುಬಿಟ್ಟೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವಳದ್ದು ತಪ್ಪಿಲ್ಲ ಎಂದು ಹೇಳಬೇಕಾದವಳು, ಹೇಳಲಿಲ್ಲ. ಈಗ ಬರೆಯುತ್ತೇನೆ: ನಿನ್ನದು ತಪ್ಪಿಲ್ಲ ಮಗಾ.

ಆ ಶನಿವಾರ ಉಷಾ ನನ್ನನ್ನು ಕರೆದುಕೊಂಡು ಮಡಂತ್ಯಾರಿನ ಮನೆಗೆ ಬಂದಳು, ಜಗಲಿ ಸ್ವಚ್ಛ ಮಾಡಲು. ನನ್ನನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಬಾಟ್ಲಿ, ಲೋಟ, ಕಡ್ಡಿ ಎಲ್ಲ ಚೀಲಕ್ಕೆ ತುಂಬಿದಳು. ಹಲಗೆಯ ಮೇಲಿನ ಚಾಪೆ ಎತ್ತಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬದಿಯಲ್ಲಿದ್ದ ಪೆಟ್ಟಿಗೆಗೆ ಕೈ ಹಾಕಿದಳು.

"ಅದನ್ನು ಮುಟ್ಟಬೇಡ" ಎಂದೆ. ನನ್ನ ಸ್ವರ ಅಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಬೇಲಿಯ ಆಚೆ ಸುಂದರಿ ಎದ್ದು ನಿಂತಳು.

ಉಷಾ ಆಗಲೇ ಬಟ್ಟೆ ಬಿಡಿಸಿದ್ದಳು.

"ಇದು ಅಪ್ಪನ ಗೆರೆ."

"ಹೌದು."

"ಮೂರು ವರ್ಷದಿಂದ ಇದು ನಿನ್ನ ಹತ್ತಿರ ಇತ್ತಾ?"

"ಹೌದು."

"ನನ್ನ ಹತ್ತಿರ ಅಪ್ಪನದ್ದು ಎಂತ ಉಂಟು ಅಮ್ಮ?" ಎಂದಳು. ಬೈದ ಹಾಗೆ ಹೇಳಲಿಲ್ಲ. ಸಣ್ಣವಳಿರುವಾಗ ಮಿಠಾಯಿ ಪಾಲು ಕೇಳುವಾಗ ಹೇಳುತ್ತಿದ್ದಳಲ್ಲ, ಹಾಗೆ.

ನನಗೆ ಅದು ಹೊಳೆದೇ ಇರಲಿಲ್ಲ. ಉದುರಿ ಹೋಗುತ್ತದೆ ಎಂದು ಹೆದರಿ ಯಾರಿಗೂ ತೋರಿಸದೆ, ನನ್ನೊಬ್ಬಳದ್ದೆಂದು ಇಟ್ಟುಕೊಂಡಿದ್ದೆ. ಅವಳು ಅವರ ಮಗಳು. ಆ ಟೇಬಲಿನ ಅಡಿಯಲ್ಲಿ ತುಂಡು ಬಟ್ಟೆಯಲ್ಲಿ ಗೊಂಬೆ ಮಾಡಿ ಬೆಳೆದವಳು. ನಾನು ಎಲ್ಲ ಹೇಳಿದೆ: ಚಾಕ್, ಹುಡಿ, ಕೇಪಳ ಹೂವು, ಆರನೆಯ ಪದರ. ಅಷ್ಟು ಮಾತನ್ನು ನಾನು ಒಂದೇ ಉಸಿರಿಗೆ ಯಾರ ಹತ್ತಿರವೂ ಆಡಿದವಳಲ್ಲ.

ಉಷಾ ಬಟ್ಟೆಯನ್ನು ಮೆಲ್ಲಗೆ ಮಡಚಿದಳು. ಬೆರಳಿಗೆ ಹತ್ತಿದ ನೀಲಿಯನ್ನು ಸೀರೆಗೆ ಒರೆಸಿಕೊಳ್ಳಬಹುದಿತ್ತು. ಒರೆಸಲಿಲ್ಲ, ನೋಡುತ್ತಾ ನಿಂತಳು.

"ಮಳೆ ಶುರುವಾಗುವ ಮೊದಲು ಮಾಡುವ" ಎಂದಳು. "ಮಾನ್ವಿ ಹೊಯ್ಯಲಿ. ನಮ್ಮ ಮನೆಯ ಟೆರೇಸಿನಲ್ಲಿ, ಮಾಸ್ಕ್, ಗ್ಲೌಸ್ ಎಲ್ಲ ಹಾಕಿ. ನೀನು ಆ ದಿನ ಮೂಡುಬಿದಿರೆಯಲ್ಲೇ ಇರಬಾರದು."

ಹಾಗಾಗಿ ಆ ದಿನ ನಾನು ಮಡಂತ್ಯಾರಿನಲ್ಲಿ, ಸುಂದರಿಯ ಮನೆಯ ಚಾವಡಿಯಲ್ಲಿ, ಅವಳ ಫೋನಿನ ಎದುರು ಕೂತಿದ್ದೆ. ವೀಡಿಯೊ ಕಾಲ್. ಬಟ್ಟೆಗೆ ಕತ್ತರಿ ಹಾಕುವುದು ಬೇಡ ಎಂದು ಮೊದಲೇ ಹೇಳಿದ್ದೆ. ಅಜ್ಜ ಕತ್ತರಿಸದ್ದನ್ನು ನಾವು ಯಾಕೆ ಕತ್ತರಿಸುವುದು? ಮುಂಭಾಗದ ಗೆರೆ ಮಾತ್ರ ಮೇಲೆ ಬರುವ ಹಾಗೆ ಇಟ್ಟು, ಉಳಿದದ್ದನ್ನು ಹಲಗೆಯ ಹಿಂದಕ್ಕೆ ಮಡಚಿ ಮೊಳೆ ಹೊಡೆದರು. "ಎಳೆಯಬೇಡ ಮಗಾ, ಮೇಲಿನಿಂದ ಇಳಿಸು" ಎಂದೆ. ಮಾನ್ವಿ ಹೊಯ್ಯಲು ಶುರುಮಾಡಿದಳು.

"ಏ ಮಾನ್ವಿ, ದೋಸೆ ಹೊಯ್ದ ಹಾಗೆ ಸುತ್ತ ತಿರುಗಿಸಬೇಡ ಮಾರಾಯ್ತಿ!" ಎಂದು ಸುಂದರಿ ಬೊಬ್ಬೆ ಹೊಡೆದಳು. "ಅತ್ತಿಗೆ, ನೀವು ಹೇಳಿ ಅವಳಿಗೆ! ಕಸ ಕಸ ಎಂದು ನಾನು ಅಂದದ್ದು ಸಾಕು, ಈಗ ಹಾಳು ಮಾಡುವುದು ಬೇಡ!"

ಬಿಳಿ ಬಟ್ಟೆ ಒದ್ದೆಯಾಗುತ್ತಾ ಹೋಯಿತು. ಕೆಳಗಿನಿಂದ ಹಸಿರು ಎದ್ದು ಬಂತು, ಹೂವಿನ ಬಟ್ಟೆ ಬಂತು, ಕೆಮ್ಮಣ್ಣು ಬಂತು. ಮೇಲೆ ನೀಲಿ ಗೆರೆ ಇದ್ದಲ್ಲೇ ಇತ್ತು. ಅಲ್ಲಾಡಲಿಲ್ಲ. ಆಗ ಕಾಲರಿನ ಬಾಗಿನ ಹತ್ತಿರ ಒಂದು ಗುಳ್ಳೆ ಎದ್ದದ್ದು ನನಗೆ ಕಂಡಿತು.

"ಸೂಜಿ! ಮಾನ್ವಿ, ಸೂಜಿ!"

ನೆಟ್‌ವರ್ಕ್ ಹೋಯಿತು.

ಸುಂದರಿ ಫೋನ್ ಹಿಡಿದು ಅಂಗಳಕ್ಕೆ ಓಡಿದಳು, ಬಾವಿಕಟ್ಟೆಯ ಮೇಲೆ ನಿಂತಳು, ಗೇಟಿನ ಹತ್ತಿರ ಹೋದಳು. ಮತ್ತೆ ಕಾಲ್ ಸಿಗುವಾಗ ಮಧ್ಯಾಹ್ನ ಕಳೆದಿತ್ತು. ಬಿಸಿಲಿಗೆ ರೆಸಿನ್ ಬಿಗಿದಿತ್ತು. "ಯಾವ ಗುಳ್ಳೆ ಅಜ್ಜಿ?" ಎಂದು ಕೇಳಿದಳು ಮಾನ್ವಿ.

ಈಗ ಜೂನ್. ಬಲಗೈಯ ಎರಡು ಬೆರಳು ಬಿಟ್ಟರೆ ಚರ್ಮ ಹೊಸದಾಗಿ ಬಂದಿದೆ, ಮಗುವಿನ ಚರ್ಮದ ಹಾಗೆ ಕೆಂಪು, ನುಣುಪು. ಪಾತ್ರೆ ತೊಳೆಯಲು ಇನ್ನೂ ಸುಂದರಿಯೇ. ಹುಕ್ಕು ಹಾಕಿಕೊಳ್ಳುತ್ತೇನೆ. ಮುಂದಕ್ಕೆ ಚಿತ್ರ ಮಾಡುವುದಾದರೆ ಮೈದಾದ ಅಂಟಿನಲ್ಲಿ ಮಾಡಬೇಕು. ಹೊಳಪು ಬರುವುದಿಲ್ಲ, ನೋಡುವ. ಆ ಡಾಕ್ಟರ್ ಕನ್ನಡಕ ತೆಗೆದು ಬೆಳಕಿಗೆ ಹಿಡಿಯದೆ ಇದ್ದಿದ್ದರೆ ನಾನು ಆರನೆಯ ಪದರವನ್ನು ನನ್ನ ಕೈಯಾರೆ ಹೊಯ್ಯುತ್ತಿದ್ದೆ, ಆಮೇಲೆ ಯಾವ ಕೈ ಉಳಿಯುತ್ತಿತ್ತೋ ತಿಳಿಯದು. ಅವರಿಗೆ ದೇವರು ಒಳ್ಳೆಯದು ಮಾಡಲಿ.

ಹಲಗೆ ನಿಮ್ಮ ಮನೆಯಲ್ಲೇ ಇರಲಿ ಎಂದು ನಾನೇ ಹೇಳಿದೆ. ಉಷಾಳ ಪಾಲು ಅದು. ಕಳೆದ ಭಾನುವಾರ ಬಂದಾಗ ಹಾಲ್‌ನ ಗೋಡೆಗೆ ತೂಗುಹಾಕಿದ್ದು ಕಂಡೆ. ಪೂರ್ತಿ ಗಟ್ಟಿಯಾದ ಮೇಲೆ ತೊಂದರೆ ಇಲ್ಲ, ಆದರೂ ಮುಟ್ಟುವುದು ಬೇಡ ಎಂದಿದ್ದಾರೆ ಡಾಕ್ಟರ್. ಕೈ ಹಿಂದೆ ಕಟ್ಟಿಕೊಂಡು ಎದುರು ನಿಂತೆ. ಗುಳ್ಳೆ ಇದ್ದಲ್ಲೇ ಉಂಟು. ನಾನಾದರೆ ಬಿಡುತ್ತಿರಲಿಲ್ಲ ಎಂದು ಸ್ವಲ್ಪ ಹೊಟ್ಟೆ ಉರಿಯಿತು. ನೋಡುತ್ತಾ ನೋಡುತ್ತಾ, ಇದು ಮಾನ್ವಿಯ ಕೈ ಎಂದು ಗುರುತಿಗೆ ಒಂದು ಇರಲಿ ಅನ್ನಿಸಿತು.

ಲಿಖಿತ್, ನೀನು ಆಟದಿಂದ ಬಂದವನು ಹಲಗೆಗೆ ಬೆನ್ನು ಕೊಟ್ಟು ನಿಂತೆ. ನಿನ್ನ ಹೆಗಲು ಆ ನೀಲಿ ಹೆಗಲಿಗಿಂತ ಎರಡೂ ಕಡೆ ಹೊರಗೆ ಬಂದಿತ್ತು.

"ಇಷ್ಟೇ ಇದ್ದೆನಾ ನಾನು?" ಎಂದು ನೀನು ಕೇಳಿದೆ.

"ಇಷ್ಟೇ ಇದ್ದೆ" ಎಂದಳು ನಿನ್ನ ಅಮ್ಮ. ಹೋಗಿ ಗೆರೆಯ ಮೇಲೆ ಅಂಗೈ ಇಟ್ಟು, ಕಾಲರಿನಿಂದ ಕಿಸೆಯವರೆಗೆ ಒಮ್ಮೆ ಗಟ್ಟಿಯಾಗಿ ಸವರಿದಳು. ಹುಡಿ ಉದುರೀತು ಎಂದು ತಡೆಯಲು ಒಂದು ಹೆಜ್ಜೆ ಮುಂದೆ ಇಟ್ಟೆ, ಅಭ್ಯಾಸದಿಂದ. ಅವಳು ಅಂಗೈ ತಿರುಗಿಸಿ ನನಗೆ ತೋರಿಸಿದಳು.

ಕೈಯಲ್ಲಿ ಒಂದು ಚೂರೂ ನೀಲಿ ಇರಲಿಲ್ಲ.